ಹತ್ತಾದರೆ ಹತ್ತು

ಜುಲೈ 2

ಬೆರಳು ಎಣಿಸುವವರು ಇಪ್ಪತ್ತೊಂದು. ಬೆರಳನ್ನು ಡೆಸ್ಕಿನ ಕೆಳಗೆ ಬಚ್ಚಿಟ್ಟು ತುಟಿಯಲ್ಲಿ ಎಣಿಸುವವರು ಒಂಬತ್ತು. ಗೋಡೆ ನೋಡುವವರು ನಾಲ್ಕು. ಪೆನ್ಸಿಲ್ಲನ್ನೇ ಎತ್ತದವಳು ಒಬ್ಬಳು. ಒಟ್ಟು ಮೂವತ್ತೈದು. ಎರಡನೇ ಕ್ಲಾಸು ಬಿ, ಮೊದಲ ಮಹಡಿ, ಕಾರಿಡಾರಿನ ಕೊನೆಯ ಕೋಣೆ.

ಹೆಡ್ ಮಿಸ್ ಹೊಸ ಸ್ಟಾಪ್‌ವಾಚ್ ತಂದಿದ್ದಾರೆ. ಕೊರಳಿಗೆ ಹಾಕಿಕೊಂಡೇ ಓಡಾಡುತ್ತಾರೆ. ಒಂದು ನಿಮಿಷ, ಮೂವತ್ತು ಲೆಕ್ಕ. ಕೂಡುವುದು ಮಾತ್ರ, ಇಪ್ಪತ್ತರೊಳಗೆ. ಸೆಪ್ಟೆಂಬರಿನಲ್ಲಿ ಹೊರಗಿನ ಪರೀಕ್ಷಕರು ಬಂದು ಅವರೇ ಟೆಸ್ಟ್ ಮಾಡುತ್ತಾರಂತೆ.

"ನಿಮ್ಮ ಕ್ಲಾಸ್ ಆವರೇಜ್ ಎಷ್ಟು ಗೊತ್ತಾ ಸಾರ್?"

"ಹೇಳಿ ಮಿಸ್."

"ಒಂಬತ್ತು."

"ಹೈಸ್ಕೂಲಲ್ಲಿ ನನ್ನದು ಇದಕ್ಕಿಂತ ಕಮ್ಮಿ ಇತ್ತು ಮಿಸ್."

ನಗಲಿಲ್ಲ. ಗುಂಡಿ ಒತ್ತಿದರು. ಟಿಕ್.

ನಾನು ಕನ್ನಡ ಮೀಡಿಯಂ ಬಿ.ಎ. ಗಣಿತ ನನ್ನ ಪಾಲಿಗೆ ಬಂದದ್ದು ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಕೈ ಎತ್ತಲಿಲ್ಲವೆಂದು. ನಾನೂ ಎತ್ತಿರಲಿಲ್ಲ. ಬೆನ್ನು ಕೆರೆದುಕೊಳ್ಳುತ್ತಿದ್ದೆ.

ಜುಲೈ 4, ಸಂಜೆ

ಬರೀ ಬಾಯಿಪಾಠ ಪ್ರಯೋಜನವಿಲ್ಲ. ನಿನ್ನೆ ಒಬ್ಬ ಎರಡರ ಮಗ್ಗಿ ಇಪ್ಪತ್ತರವರೆಗೂ ಒಂದೇ ಉಸಿರಿಗೆ ಹೇಳಿದ. ಎಂಟೂ ಎಂಟೂ ಎಷ್ಟು ಅಂದೆ. ಮೊದಲಿಂದ ಶುರು ಮಾಡಿದ.

ಹಾಗಾಗಿ ಉಪಾಯಗಳಿಗೆ ಹೆಸರಿಟ್ಟೆ. ಆರೂ ಆರೂ — ಅವಳಿ. ಆರೂ ಏಳೂ — ಅವಳಿಯ ಪಕ್ಕದ ಮನೆ; ಅವಳಿ ಗೊತ್ತಿದ್ದರೆ ಒಂದೇ ಹೆಜ್ಜೆ. ಒಂಬತ್ತು — ಹೊಟ್ಟೆಬಾಕ. ಪಕ್ಕದವನ ತಟ್ಟೆಯಿಂದ ಒಂದು ತುತ್ತು ಎತ್ತಿ ತಾನು ಹತ್ತಾಗುತ್ತಾನೆ. ಒಂಬತ್ತೂ ಆರೂ ಅಂದರೆ ಆರರ ತಟ್ಟೆಯಲ್ಲಿ ಐದೇ ಉಳಿಯುತ್ತದೆ, ಹದಿನೈದು. ಇದು ಅವರಿಗೆ ಬಹಳ ಹಿಡಿಸಿತು. ಊಟದ ಹೊತ್ತಿಗೆ ಕ್ಲಾಸಿನಲ್ಲಿ ಏಳು ಜನ ಒಂಬತ್ತುಗಳಾಗಿದ್ದರು. ಮೂರು ದೂರು ಬಂದವು.

ಮನೆಯಲ್ಲಿ ಅಕ್ಕನಿಗೆ ಹೇಳಿದೆ. ಅವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಹಿಂದೆ ಇರುತ್ತಾಳೆ, ಬಾಯಲ್ಲಿ ಎರಡು ಗುಂಡುಸೂಜಿ. ಸೂಜಿ ತೆಗೆಯದೆಯೇ ಅಂದಳು, "ಹೋದ ವರ್ಷ ಯಾರದೋ ಪ್ರೋಗ್ರೆಸ್ ಕಾರ್ಡಲ್ಲಿ 'ಮಾತಲ್ಲಿ ಜಾಣ, ಲೆಕ್ಕದಲ್ಲಿ ಕೋಣ' ಅಂತ ಬರೆದಿದ್ಯಲ್ಲ, ಆ ಹುಡುಗ ಲೆಕ್ಕದಲ್ಲಿ ಚೆನ್ನಾಗೇ ಇದ್ದ ತಾನೆ?"

"ಸುಮಾರಾಗಿದ್ದ."

"ಸುಮಾರಿಗೆ ಪ್ರಾಸ ಸಿಗ್ಲಿಲ್ಲ. ಪ್ರಾಸ ಸಿಕ್ಕಿದ್ರೆ ನೀನು ನಿಜ ಬಿಡ್ತೀಯ ಕಣೋ."

ಅಕ್ಕನಿಗೆ ಉತ್ತರ ಕೊಡಬಾರದು. ಸೂಜಿ ಉಗುಳುತ್ತಾಳೆ.

ಜುಲೈ 9

ಸಿಕ್ಕಿತು! ಬಸ್ ಸ್ಟಾಪಿನಲ್ಲಿ. ಟಿಕೆಟ್ಟಿನ ಹಿಂದೆ ಬರೆದುಕೊಂಡೆ.

ಏಳು ಅಂದರೆ ಎದ್ದು ನಿಲ್ಲಬಹುದು. ಆರು ಅಂದರೆ ದೀಪ ಆರಬಹುದು. ಹತ್ತು ಅಂದರೆ ಹತ್ತಬಹುದು. ಬೇರೆ ಯಾವ ಭಾಷೆಯ ಮೇಷ್ಟ್ರಿಗೆ ಇದೆ ಈ ಭಾಗ್ಯ?

ಏಳಕ್ಕೆ ಮೂರು ಬಂದರೆ — ಹತ್ತು!
ಆರಕ್ಕೆ ನಾಕು ನಿಂದರೆ — ಹತ್ತು!
ಎಂಟಕ್ಕೆ ಎರಡು ತಂದರೆ — ಹತ್ತು!
ಹತ್ತಾಯಿತೇ? ಹತ್ತು! ಹತ್ತಿ, ಎತ್ತು ಕತ್ತು!

ಆಟ ಹೀಗೆ. ಪ್ರತಿಯೊಬ್ಬರ ಕೊರಳಿಗೂ ಒಂದು ಅಂಕಿಯ ಕಾರ್ಡು. ನಾನು ಚಪ್ಪಾಳೆ ತಟ್ಟಿದರೆ ಎಲ್ಲರೂ ಓಡಾಡಿ ಹತ್ತಾಗುವ ಜೊತೆ ಹುಡುಕಬೇಕು. ಏಳು ಮೂರನ್ನು, ಆರು ನಾಲ್ಕನ್ನು. ಸಿಕ್ಕ ತಕ್ಷಣ ಕೈ ಹಿಡಿದು ಬೆಂಚು ಹತ್ತಿ ಕತ್ತು ಎತ್ತಬೇಕು. ಕೊನೆಯ ಜೋಡಿ ಔಟ್.

ಒಂದೇ ಪೀರಿಯಡ್ಡಿನಲ್ಲಿ ಹದಿನೈದು ಸುತ್ತು. ಬೆರಳು ಮುಟ್ಟಿದವರು ಯಾರೂ ಇಲ್ಲ — ಬೆರಳು ಜೊತೆಗಾರನ ಕೈಯಲ್ಲಿದ್ದವಲ್ಲ. ಗೋಡೆ ನೋಡುತ್ತಿದ್ದ ನಾಲ್ವರೂ ಗೋಡೆಗೆ ಬೆನ್ನು ಹಾಕಿದರು.

ಒಂದು ತೊಡಕು. ಮೂವತ್ತೈದು ಬೆಸ. ಪ್ರತಿ ಸುತ್ತಿನಲ್ಲೂ ಒಬ್ಬರು ಉಳಿಯುತ್ತಾರೆ. ಪ್ರತಿ ಸುತ್ತಿನಲ್ಲೂ ಅವಳೇ ಉಳಿಯುತ್ತಾಳೆ.

ಜುಲೈ 11

ಪೆನ್ಸಿಲ್ ಎತ್ತದವಳು. ಏಳು ವರ್ಷ. ಮೂರು ಟೆಸ್ಟಿನಲ್ಲೂ ಸೊನ್ನೆ. ಮಕ್ಕಳು ಈಗ ಹೆಸರೇ ಬಿಟ್ಟಿದ್ದಾರೆ. 'ಸೊನ್ನೆ ಬಂದ್ಲು, ಸೊನ್ನೆ ನಿನ್ನ ಬ್ಯಾಗು.' ಬೈದೆ. ಬೈದರೆ ಹೆಸರು ಗಟ್ಟಿಯಾಗುತ್ತದೆ, ಅಷ್ಟೆ.

ಇಂಟರ್ವೆಲ್‌ನಲ್ಲಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಗಂಟಲಲ್ಲೇ ಮಾತಾಡುತ್ತಾಳೆ, ಬಗ್ಗಬೇಕು.

"ಸಾರ್, ಸೊನ್ನೆಗೆ ಜೊತೆ ಯಾರು?"

ಲೆಕ್ಕ ಕೇಳಿದಳೋ ತನ್ನ ಕಥೆ ಕೇಳಿದಳೋ ತಿಳಿಯಲಿಲ್ಲ. "ಹತ್ತು," ಅಂದೆ.

"ಹತ್ತು ಆಗ್ಲೇ ಹತ್ತೇ ಇದ್ಯಲ್ಲ ಸಾರ್. ಅದಕ್ಕೆ ಸೊನ್ನೆ ಬೇಡ."

ಶಾಲೆ ಶುರುವಾದಾಗಿನಿಂದ ಈ ಕ್ಲಾಸಿನಲ್ಲಿ ಯಾರೂ ಇಷ್ಟು ಒಳ್ಳೆಯ ಗಣಿತ ಮಾತಾಡಿರಲಿಲ್ಲ. ನನ್ನನ್ನೂ ಸೇರಿಸಿ.

ಒಂದು ಕಾರ್ಡು ತೆಗೆದು ದೊಡ್ಡದಾಗಿ ಸೊನ್ನೆ ಬರೆದೆ. ಕೊರಳಿಗೆ ಹಾಕಿದೆ. ಇಡೀ ಕ್ಲಾಸಿಗೆ ಕೇಳುವಂತೆ ಹೇಳಿದೆ: "ಇನ್ಮೇಲೆ ಈ ಕಾರ್ಡು ಇವಳದ್ದು. ಸೊನ್ನೆ ಯಾರನ್ನೂ ಕಾಯಬೇಕಾಗಿಲ್ಲ. ಜೊತೆ ಇಲ್ಲದೇನೇ ಹತ್ತಬಹುದು. ಎಲ್ಲರಿಗಿಂತ ಮೊದಲು ಹತ್ತಬಹುದು."

ಚಪ್ಪಾಳೆ ತಟ್ಟಿದೆ. ಅವಳು ಓಡಿ ಬೆಂಚು ಹತ್ತಿದಳು. ಕತ್ತು ಎತ್ತಿದಳು. ಉಳಿದವರು ಇನ್ನೂ ಜೊತೆ ಹುಡುಕುತ್ತಿದ್ದರು. ಒಬ್ಬ ಹೊಟ್ಟೆಕಿಚ್ಚಿನಲ್ಲಿ ಕೂಗಿದ, "ಸಾರ್, ನಂಗೂ ಸೊನ್ನೆ ಕೊಡಿ!"

ಮೇಲಿನಿಂದ ನನ್ನನ್ನು ನೋಡಿ ನಕ್ಕಳು. ಮುಂದಿನ ಹಲ್ಲು ಎರಡಿಲ್ಲ.

ಜುಲೈ 26

ಆವರೇಜ್ ಹದಿನೇಳು. ಸೊನ್ನೆಗೆ ಹನ್ನೊಂದು. ಹೆಡ್ ಮಿಸ್ ಸ್ಟಾಪ್‌ವಾಚನ್ನು ಒಮ್ಮೆ ಕಿವಿಗೆ ಹಿಡಿದು ನೋಡಿದರು, ಓಡುತ್ತಿದೆಯೋ ಇಲ್ಲವೋ ಎಂದು.

ಕಾರ್ಡುಗಳು ವಾರಕ್ಕೆ ಒಂದು ಸೆಟ್ ಹರಿಯುತ್ತವೆ. ಕತ್ತರಿಸಿ ಕೊಡುವವರು ಆಯಮ್ಮ. ಮೇಲಿನ ಕಾರಿಡಾರು ಅವರ ಕಾವಲು. ಇಂಟರ್ವೆಲ್, ಊಟದ ಬಿಡುವು ಎರಡೂ ಹೊತ್ತು ಅಲ್ಲಿ ಸ್ಟೂಲ್ ಹಾಕಿಕೊಂಡು ಕೂರಬೇಕು. ಇಪ್ಪತ್ತೆರಡು ವರ್ಷದಿಂದ ಕೂತಿದ್ದಾರೆ. ಬಿಡುವಾದಾಗ ನನ್ನ ರಟ್ಟು ಕತ್ತರಿಸುತ್ತಾರೆ.

"ಮೇಷ್ಟ್ರೇ, ಓದು ಬರಲ್ಲ ನಂಗೆ. ಆದ್ರೆ ನಿಮ್ಮ ಪದ್ಯ ಬಂತು ನೋಡಿ. ನಿನ್ನೆ ಮೊಣಕಾಲು ನೋವಲ್ಲಿ ಮೆಟ್ಟಿಲು ಹತ್ತುತ್ತಾ ಅದನ್ನೇ ಹೇಳ್ಕೊಂಡೆ."

"ನೋವು ಕಮ್ಮಿ ಆಯ್ತಾ?"

"ನೋವಿಗೂ ಬಾಯಿಪಾಠ ಆಯ್ತು."

ಆಗಸ್ಟ್ 8

ಇಪ್ಪತ್ತೆರಡು! ಎ ವಿಭಾಗದ್ದು ಹದಿನಾಲ್ಕು. ಹೆಡ್ ಮಿಸ್ ನನ್ನನ್ನು ಸ್ಟಾಫ್ ಮೀಟಿಂಗಿನಲ್ಲಿ ನಿಲ್ಲಿಸಿ ಆಟ ವಿವರಿಸಲು ಹೇಳಿದರು. ನಾಚಿಕೆ ಇಲ್ಲದೆ ಪದ್ಯವನ್ನೂ ಹೇಳಿದೆ. 'ನಿಂದರೆ' ಎಂಬಲ್ಲಿ ವ್ಯಾಕರಣ ಸರಿಯಿಲ್ಲ ಎಂದು ಒಬ್ಬರು ಆಕ್ಷೇಪಿಸಿದರು. ಇರಲಿ. ಪ್ರಾಸ ಸರಿಯಿದೆ.

ಪದ್ಯ ಈಗ ಇಡೀ ಶಾಲೆಯದು. ಮೆಟ್ಟಿಲಲ್ಲಿ, ನಲ್ಲಿಯ ಹತ್ತಿರ, ಗೇಟಿನಲ್ಲಿ. ಆಯಮ್ಮ ಬಂದು, "ಮೇಷ್ಟ್ರೇ, ನಿಮ್ಮ ಮಕ್ಕಳು ಕಂಡಕಂಡಲ್ಲಿ ಹತ್ತುತ್ತಾ ಇದಾವೆ. ನಿನ್ನೆ ಇಬ್ರು ಕಾರಿಡಾರ್ ಕಟ್ಟೆ ಮೇಲೆ ಕಾಲು ಹಾಕಿದ್ರು, ಎಳೆದು ಕೂರಿಸ್ದೆ. ಒಂದ್ಮಾತು ಹೇಳಿ ಅವಕ್ಕೆ," ಅಂದರು.

ಹೇಳ್ತೀನಿ ಅಂದೆ. ನಾಳೆ ಹೇಳಬೇಕು — ಬೆಂಚು ಮಾತ್ರ, ಬೇರೆ ಕಡೆ ಇಲ್ಲ.

ಆಗಸ್ಟ್ 13

ಹೊಸ ಆಟ ಹೊಳೆದಿದೆ. ಇಪ್ಪತ್ತರ ಜೊತೆ. ಹನ್ನೊಂದರಿಂದ ಹತ್ತೊಂಬತ್ತರವರೆಗೆ ಹೊಸ ಕಾರ್ಡು ಬೇಕು. ಇಪ್ಪತ್ತಕ್ಕೆ ಪ್ರಾಸ: ಎಪ್ಪತ್ತು, ತೊಂಬತ್ತು, ಸಂಪತ್ತು... ಯೋಚಿಸಬೇಕು.

ಆಗಸ್ಟ್ 20

ಸೊನ್ನೆ ಬಿದ್ದಳು.

ಆಗಸ್ಟ್ 24

ನಾಲ್ಕು ದಿನ ಪೆನ್ನು ಹಿಡಿಯಲಿಲ್ಲ. ಈಗ ಬರೆಯುತ್ತೇನೆ. ಯಾರೂ ಓದುವುದಿಲ್ಲ, ಆದ್ದರಿಂದ ನಿಜ ಬರೆಯಬಹುದು.

ಊಟದ ಬೆಲ್ ಹನ್ನೆರಡೂವರೆಗೆ. ಆಯಮ್ಮ ಕಾರಿಡಾರಿನಲ್ಲಿ ಸ್ಟೂಲ್ ಹಾಕುತ್ತಿದ್ದರು. ನಾನೇ ಕರೆದೆ. ಕೆಳಗಿನ ಸ್ಟಾಫ್ ರೂಮಿಗೆ. "ಅರ್ಜೆಂಟ್ ಆಯಮ್ಮ, ಮಧ್ಯಾಹ್ನದ ಪೀರಿಯಡ್ಡಿಗೆ ಹೊಸ ಕಾರ್ಡು ಬೇಕು. ಹತ್ತು ನಿಮಿಷ." ಅವರು ಕಾರಿಡಾರಿನ ಕಡೆ ತಿರುಗಿ ನೋಡಿದರು. "ಮಕ್ಕಳು ಊಟ ಮಾಡ್ತಿರ್ತಾವೆ, ಏನಾಗಲ್ಲ ಬನ್ನಿ," ಅಂದೆ. ಬಂದರು. ಕತ್ತರಿ ಕೈಗೆ ಕೊಟ್ಟೆ.

ಮಕ್ಕಳು ಬೇಗ ಉಂಡು ಕಾರಿಡಾರಿನಲ್ಲಿ ಆಟ ಶುರು ಮಾಡಿದ್ದಾರೆ. ಬೆಂಚು ಒಳಗೆ ಉಳಿದವು. ಹೊರಗೆ ಹತ್ತಲು ಇದ್ದದ್ದು ಕಟ್ಟೆ ಒಂದೇ. ಜೋಡಿ ಸಿಕ್ಕವರು ಕಟ್ಟೆಗೆ ಬೆನ್ನು ಕೊಟ್ಟು ನಿಂತರಂತೆ. ಇಬ್ಬರು ಕೈ ಹಿಡಿದುಕೊಂಡು ಅಷ್ಟು ಎತ್ತರ ಹತ್ತಲಾಗುವುದಿಲ್ಲ. ಒಬ್ಬರೇ ಆದರೆ, ಎರಡು ಕೈಯೂ ಖಾಲಿ ಇದ್ದರೆ, ಆಗುತ್ತದೆ.

ಪದ್ಯ ನನಗೆ ಸ್ಟಾಫ್ ರೂಮಿಗೆ ಕೇಳುತ್ತಿತ್ತು. ಮೇಲಿಂದ, ಮೂವತ್ತು ಗಂಟಲು. ಹತ್ತಾಯಿತೇ? ಹತ್ತು! ಚೆನ್ನಾಗಿ ಹೇಳುತ್ತಿದ್ದಾರೆ ಅಂದುಕೊಂಡೆ. ಆಯಮ್ಮನಿಗೂ ಹೇಳಿದೆ — ಕೇಳಿ, ಒಂದೇ ತಾಳ.

'ಎತ್ತು ಕತ್ತು' ಬರಲಿಲ್ಲ.

ಕೆಳಗೆ ಸಿಮೆಂಟು. ಕಾರ್ಡು ಕೊರಳಲ್ಲೇ ಇತ್ತು. ಅವಳನ್ನು ಎತ್ತುವಾಗ ಅದನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಯಾಕೆ ತೆಗೆದೆ? ಉಸಿರಿಗೆ ಅಡ್ಡಿಯಾಗದಿರಲಿ ಎಂದು. ಹಾಗೆಂದು ಹೇಳಿಕೊಳ್ಳುತ್ತಿದ್ದೇನೆ. ಇನ್ನೂ ಜೇಬಿನಲ್ಲಿದೆ.

ಬದುಕಿದ್ದಾಳೆ. ಸೊಂಟ, ಎಡ ತೊಡೆ, ತಲೆ.

ನಾಳೆ ಹೇಳಬೇಕು ಎಂದು ಆಗಸ್ಟ್ ಎಂಟರಂದು ಬರೆದಿದ್ದೇನೆ. ಈ ಪುಸ್ತಕದಲ್ಲೇ ಇದೆ. ನನ್ನದೇ ಅಕ್ಷರ.

ಆಗಸ್ಟ್ 27

ಕಮಿಟಿ ಅಂತೆ. ಮೂವರು. ಎಲ್ಲರ ಹೇಳಿಕೆ ಬರೆಸಿಕೊಂಡರು. ಅದಕ್ಕೂ ಮುಂಚೆ ಹೆಡ್ ಮಿಸ್ ತಮ್ಮ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಕೊರಳಲ್ಲಿ ಸ್ಟಾಪ್‌ವಾಚ್ ಇರಲಿಲ್ಲ.

"ಆಯಾ ಹೇಳ್ತಿದಾಳೆ, ನೀವು ಕರೆದ್ರಿ ಅಂತ."

ಕರೆದಿದ್ದೆ ಎಂದು ಹೇಳಲು ಬಾಯಿ ತೆರೆದೆ.

"ಯೋಚನೆ ಮಾಡಿ ಹೇಳಿ ಸಾರ್. ಬೆಲ್ ಆದ್ಮೇಲೆ ಕರೆದ್ರೆ ಒಂದು ಥರ. ಬೆಲ್‌ಗೆ ಮುಂಚೆ ಕರೆದಿದ್ರೆ ಇನ್ನೊಂದು ಥರ. ಬೆಲ್ ಹೊಡೆದ ತಕ್ಷಣ ಅವಳು ಜಾಗಕ್ಕೆ ವಾಪಸ್ ಹೋಗ್ಬೇಕಿತ್ತು ತಾನೆ? ಅದು ಅವಳ ಡ್ಯೂಟಿ ತಾನೆ?"

ಅಷ್ಟೇ ಸಾಕಾಯಿತು ನನಗೆ. ಬರೆದುಕೊಟ್ಟೆ: 'ಊಟದ ಬೆಲ್‌ಗೆ ಮುಂಚೆ ಅವರನ್ನು ಕರೆದಿದ್ದೆ. ಬೆಲ್ ಆದ ಮೇಲೆ ಹೋಗಿರುತ್ತಾರೆಂದು ಭಾವಿಸಿದೆ.' ಮಕ್ಕಳು ಏನು ಆಡುತ್ತಿದ್ದರು ಎಂಬ ಕಾಲಮ್ಮಿನಲ್ಲಿ: 'ಗಮನಕ್ಕೆ ಬಂದಿಲ್ಲ.'

ಮೂರು ಸಾಲು. ಪ್ರಾಸವಿಲ್ಲ. ನಿಜವೂ ಇಲ್ಲ. ಅಕ್ಕ ಹೇಳಿದ್ದು ತಪ್ಪು — ಪ್ರಾಸ ಸಿಗದಿದ್ದರೂ ಬಿಡುತ್ತೇನೆ.

ಆಯಮ್ಮನಿಗೆ ಇಂದಿನಿಂದ ಬರಬೇಡವೆಂದರು. ಸ್ಟೂಲ್ ಇನ್ನೂ ಕಾರಿಡಾರಿನಲ್ಲೇ ಇದೆ.

ಸೆಪ್ಟೆಂಬರ್ 3

ಆಸ್ಪತ್ರೆಗೆ ಹೋಗಿದ್ದೆ. ಎರಡು ಸಲ ಗೇಟಿನಿಂದ ವಾಪಸ್ ಬಂದು, ಮೂರನೇ ಸಲ ಒಳಗೆ.

ಅವಳ ಅಮ್ಮ ಒಂದು ಆಫೀಸ್ ಕಟ್ಟಡದಲ್ಲಿ ಲಿಫ್ಟ್ ಆಪರೇಟರ್. ನೀಲಿ ಯೂನಿಫಾರ್ಮಿನಲ್ಲೇ ಹಾಸಿಗೆ ಪಕ್ಕ ಕೂತಿದ್ದರು. ನನ್ನನ್ನು ನೋಡಿ ಎದ್ದು ಸ್ಟೂಲ್ ಬಿಟ್ಟುಕೊಟ್ಟರು. ಕೂರಲಾಗಲಿಲ್ಲ.

ಸೊಂಟದಿಂದ ಪಾದದವರೆಗೆ ಪ್ಲಾಸ್ಟರು. ತಲೆಗೆ ಬಟ್ಟೆ. ಮಾತು ಇನ್ನೂ ಸರಿಯಾಗಿ ಬಂದಿಲ್ಲ, ಮೊದಲಾದರೂ ಎಲ್ಲಿತ್ತು. ಎಡಗಾಲು ಮೊದಲಿನಂತೆ ಆಗುವುದಿಲ್ಲವಂತೆ.

ಡಾಕ್ಟರಮ್ಮ ಬಂದರು, ಚಿಕ್ಕ ವಯಸ್ಸಿನವರು. "ಪುಟ್ಟೀ, ಇಲ್ಲಿ ಏಳು ಬೆರಳು, ಇನ್ನು ಮೂರು ತೋರಿಸಿದ್ರೆ?" ಎನ್ನುತ್ತಾ ಬೆರಳು ಬಿಡಿಸಿದರು.

"ಹತ್ತು."

ಕಣ್ಣು ಮಿಟುಕಿಸುವಷ್ಟೂ ತಡವಿಲ್ಲ. ಹೇಳಿದವಳೇ ದಿಂಬಿನಿಂದ ತಲೆ ಮೇಲೆತ್ತಿದಳು. ಕತ್ತು ನೆಟ್ಟಗೆ. ನೋವಿಗೆ ಮುಖ ಕಿವುಚಿತು, ಕತ್ತು ಇಳಿಸಲಿಲ್ಲ.

"ವೆರಿ ಗುಡ್! ಎಣಿಸ್ದೇ ಹೇಳಿದ್ಲು ನೋಡಿ!" ಡಾಕ್ಟರಮ್ಮನಿಗೆ ಖುಷಿಯೋ ಖುಷಿ.

ಜುಲೈನಿಂದ ನಾನು ದುಡಿದದ್ದು ಇದಕ್ಕೇ. ಬೆರಳಿಲ್ಲದೆ, ತಡವಿಲ್ಲದೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ.

ಹೊರಗೆ ಬಂದಾಗ ಅಮ್ಮ ಹಿಂದೆ ಬಂದರು. "ಸಾರ್, ಹತ್ತು ಅಂದಾಗೆಲ್ಲ ಹಾಗೆ ಕತ್ತು ಎತ್ತುತ್ತಾಳೆ. ನರ್ಸು ಟೈಮ್ ಹೇಳಿದ್ರೂ ಎತ್ತುತ್ತಾಳೆ. ಬೇಡ ಕಣೇ ನೋಯುತ್ತೆ ಅಂದ್ರೂ ಕೇಳಲ್ಲ. ಸ್ಕೂಲಲ್ಲಿ ಏನಾದ್ರೂ ಹೇಳಿಕೊಟ್ಟಿದ್ರಾ?"

ಕಾರಿಡಾರು ಉದ್ದಕ್ಕಿತ್ತು. ಕೊನೆಯಲ್ಲಿ ಒಂದು ಗಡಿಯಾರ.

"ಮಕ್ಕಳಲ್ವಾ... ಏನೇನೋ ಆಡ್ಕೋತಾವೆ," ಅಂದೆ.

ತಲೆಯಾಡಿಸಿದರು. "ನಾನು ದಿನವೆಲ್ಲಾ ಜನಾನ ಮೇಲಕ್ಕೆ ಕರ್ಕೊಂಡ್ ಹೋಗ್ತೀನಿ ಸಾರ್, ಕೆಳಗೆ ಕರ್ಕೊಂಡ್ ಬರ್ತೀನಿ. ಒಂದಿನಾನೂ ಒಬ್ಬರಿಗೂ ಏನೂ ಆಗಿಲ್ಲ." "ನಿಮ್ಮ ಮೇಲೆ ಅವಳಿಗೆ ಬಹಳ ಪ್ರೀತಿ. ಇಲ್ಲೂ ಆ ಕಾರ್ಡು ಕಾರ್ಡು ಅಂತಾಳೆ. ಸಿಕ್ಕಿದ್ರೆ ತಂದ್ಕೊಡಿ," ಅಂದರು.

ಕಾರ್ಡು ಜೇಬಿನಲ್ಲಿತ್ತು.

ಸೆಪ್ಟೆಂಬರ್ 5

ಕೊಡಲಿಲ್ಲ ಯಾಕೆಂದರೆ

ಸೆಪ್ಟೆಂಬರ್ 19

ಕ್ಲಾಸು ಈಗ ಮೂವತ್ತನಾಲ್ಕು. ಸಮ. ಆಟ ಆಡಿಸಿದರೆ ಎಲ್ಲರಿಗೂ ಜೊತೆ ಸಿಗುತ್ತದೆ.

ಆಡಿಸುತ್ತಿಲ್ಲ. ದಾಳ ಹಾಕುತ್ತೇವೆ, ಕೂತಲ್ಲೇ. ಪಿಸುಗುಟ್ಟಿಕೊಂಡು. ಎ ವಿಭಾಗದ ಮಿಸ್ ಬಂದು, ಎಷ್ಟು ಶಿಸ್ತು ಸಾರ್ ನಿಮ್ಮ ಮಕ್ಕಳಿಗೆ ಅಂದರು.

ಇವತ್ತು ಗಮನಿಸಿದೆ. ಎಷ್ಟು ದಿನದಿಂದ ಹೀಗಿದೆಯೋ. ದಾಳದಲ್ಲಿ ಆರೂ ನಾಕೂ ಬಿತ್ತು. ಒಬ್ಬ ಹುಡುಗಿ ದಾಳ ನೋಡಿದಳು. ಜೊತೆಗಾತಿಯ ಮುಖ ನೋಡಿದಳು. ಏನೂ ಹೇಳದೆ ದಾಳ ಎತ್ತಿ ಮತ್ತೆ ಹಾಕಿದಳು. ಮೂರೂ ಐದೂ. "ಎಂಟು," ಅಂದಳು, ಥಟ್ಟನೆ.

ಬೋರ್ಡಿನ ಅಂಕಿ ನೋಡಿ ಒಂದರಿಂದ ಎಣಿಸಿ ಅಂದೆ, ಎಲ್ಲರೂ ಒಟ್ಟಿಗೆ. ...ಏಳು, ಎಂಟು, ಒಂಬತ್ತು. ಅಲ್ಲಿ ಒಂದು ಉಸಿರು. ಮೂವತ್ತನಾಲ್ಕು ಬಾಯಿ ಮುಚ್ಚಿದವು, ತೆರೆದವು. ಹನ್ನೊಂದು.

ಯಾರೂ ಹೇಳಿಕೊಟ್ಟದ್ದಲ್ಲ. ಅವರೊಳಗೇ ಆಗಿರುವ ಏರ್ಪಾಡು.

ನಾನೂ ತಿದ್ದಲಿಲ್ಲ.

ಸೆಪ್ಟೆಂಬರ್ 27

ಟೆಸ್ಟ್ ಆಯಿತು. ಪರೀಕ್ಷಕರು ತೆಳ್ಳಗಿನ, ಮೆತ್ತಗಿನ ಮನುಷ್ಯ. ಮಕ್ಕಳ ಮುಂದೆ ಮಂಡಿಯೂರಿ ಕೂತು ಮಾತಾಡುತ್ತಾರೆ. ಒಂದು ನಿಮಿಷ. ಟಿಕ್. ಪೇಪರು ತೆಗೆದುಕೊಂಡರು. ಅಲ್ಲೇ ನನ್ನ ಮೇಜಿನ ಮೇಲೆ ತಿದ್ದಿದರು.

ಮೂವತ್ತು ಲೆಕ್ಕ. ಇಪ್ಪತ್ತೈದು, ಇಪ್ಪತ್ತೈದು, ಇಪ್ಪತ್ನಾಲ್ಕು, ಇಪ್ಪತ್ತೈದು. ಅವರು ತಿದ್ದುವುದು ನಿಧಾನವಾಯಿತು. ಪೇಪರುಗಳನ್ನು ಒಂದರ ಪಕ್ಕ ಒಂದು ಹರಡಿದರು.

"ಎಲ್ರೂ ಅದೇ ಐದು ಬಿಟ್ಟಿದಾರೆ ಸಾರ್."

ಏಳು ಮೂರು. ಆರು ನಾಲ್ಕು. ಎಂಟು ಎರಡು. ಐದು ಐದು. ಒಂದು ಒಂಬತ್ತು. ಮೂವತ್ತನಾಲ್ಕು ಪೇಪರಿನಲ್ಲೂ ಅಲ್ಲಿ ಬಿಳಿ. ಅದರ ಹಿಂದಿನದೂ ಸರಿ, ಮುಂದಿನದೂ ಸರಿ.

ಅವರು ಮುಂದಿನ ಬೆಂಚಿನವನ ಹತ್ತಿರ ಹೋಗಿ ಮಂಡಿಯೂರಿದರು. "ಮರೀ, ಏಳು ಮೂರು ಎಷ್ಟು?"

"ಗೊತ್ತು."

"ಹೇಳು ಮತ್ತೆ."

"ಹೇಳಬಾರದು ಸಾರ್."

"ಯಾಕೋ?"

"ಹೇಳಿದ್ರೆ ಬೀಳ್ತಾರೆ."

ಹೆಡ್ ಮಿಸ್ ಬಾಗಿಲಲ್ಲಿದ್ದರು. ನಡುವೆ ಬಂದು, "ಕಾಪಿ ಸಾರ್, ಒಬ್ಬರದ್ದು ನೋಡಿ ಒಬ್ಬರು. ಈ ಬ್ಯಾಚೇ ಹಾಗೆ," ಅಂದರು. ಪರೀಕ್ಷಕರು ಅವರ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದರು. ಉತ್ತರಕ್ಕೆ ಕಾದರು. ಕನಿಷ್ಠ ಒಂದು ನಿಮಿಷ. ಆ ಒಂದು ನಿಮಿಷದಲ್ಲಿ ಮೂವತ್ತು ಲೆಕ್ಕ ಮಾಡುವ ಮಕ್ಕಳಿದ್ದಾರೆ ನನ್ನ ಕ್ಲಾಸಿನಲ್ಲಿ. ನನ್ನಿಂದ ಒಂದಾಗಲಿಲ್ಲ.

ಆಮೇಲೆ ಕೋಣೆಯಲ್ಲಿ ಹೆಡ್ ಮಿಸ್: "ಅವರು ಕಮಿಟಿಗೆ ಬರೀತಾರಂತೆ. ಮತ್ತೆ ಸೇರ್ತಾರೆ. ನೀವು ಹಳೇ ಹೇಳಿಕೆಗೇ ಅಂಟ್ಕೊಳ್ಳಿ. ನಾನು ಕಾಪಿ ಅಂತಾನೇ ಬರೀತೀನಿ. ಮಕ್ಕಳಿಗೆ ಒಂದು ವಾರ್ನಿಂಗ್, ಪೇರೆಂಟ್ಸ್ ಸಹಿ. ಅಷ್ಟರಲ್ಲಿ ಮುಗಿಯುತ್ತೆ."

"ಕಾಪಿ ಮಾಡಿಲ್ಲ ಮಿಸ್ ಅವರು."

"ಗೊತ್ತು," ಅಂದರು.

ಸೆಪ್ಟೆಂಬರ್ 28

ಬೆಳಿಗ್ಗೆ ಎಂಟಕ್ಕೆ ಆಯಮ್ಮನ ಮನೆ ಹುಡುಕಿಕೊಂಡು ಹೋದೆ. ಎರಡು ಕೋಣೆ, ಬಾಗಿಲ ಬಳಿ ಒಂದು ಕುರ್ಚಿ. ಅದರ ಮೇಲೆ ಕೂತು ರಸ್ತೆ ನೋಡುತ್ತಿದ್ದರು. ಕಾರಿಡಾರಿನಲ್ಲಿ ಕೂರುತ್ತಿದ್ದ ಹಾಗೆಯೇ, ಮೊಣಕಾಲ ಮೇಲೆ ಎರಡು ಕೈ.

"ಬನ್ನಿ ಮೇಷ್ಟ್ರೇ. ಮಗು ಹೇಗಿದೆ?"

ಹೇಳಿದೆ. ಕೇಳಿಸಿಕೊಂಡರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಅವತ್ತು ಬೆಲ್ ಆಗಿತ್ತಾ, ಆಗಿರಲಿಲ್ವಾ ಮೇಷ್ಟ್ರೇ? ನಾನು ಆಗಿತ್ತು ಅಂದೆ. ನೀವು ಆಗಿರಲಿಲ್ಲ ಅಂತ ಬರೆದಿದೀರಿ ಅಂದ್ರು. ಮನೆಗೆ ಬಂದು ಯೋಚನೆ ಮಾಡ್ದೆ. ಓದಿದವರು ನೀವು, ಗಡಿಯಾರ ನೋಡೋರು. ನಂಗೇ ಮರೆತಿರ್ಬೇಕು. ಬೆಲ್ ಕೇಳಿಸ್ದೇ ಇರೋವಷ್ಟು ಕಿವಿ ಹೋಯ್ತೇನೋ ಅಂತ, ಮಗಳ ಜೊತೆ ಹೋಗಿ ಕಿವಿ ತೋರಿಸ್ಕೊಂಡು ಬಂದೆ."

"ಕಿವಿಗೇನಂದ್ರು?"

"ಕಿವಿ ಚೆನ್ನಾಗಿದ್ಯಂತೆ." ಮುಖ ತಿರುಗಿಸಿ ನೋಡಿದರು. "ಅದೇ ಅರ್ಥ ಆಗ್ಲಿಲ್ಲ ನಂಗೆ."

ಬಲ ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಹಿಡಿದು ಬಂದ ಜಡ್ಡು ಇನ್ನೂ ಇದೆ.

ಆಗಿತ್ತು ಆಯಮ್ಮ, ಬೆಲ್ ಆಗಿತ್ತು, ಅಂದೆ. ಕುರ್ಚಿಯ ಮುಂದೆ ನಿಂತುಕೊಂಡೇ. ಅವರು ಮತ್ತೆ ರಸ್ತೆಯ ಕಡೆ ತಿರುಗಿದರು.

"ನಂಗ್ಯಾಕೆ ಹೇಳ್ತೀರಿ? ನಾನು ಅಲ್ಲೇ ಇದ್ನಲ್ಲ."

ಅಕ್ಟೋಬರ್ 1

ಅಕ್ಕನಿಗೆ ಎಲ್ಲಾ ಹೇಳಿದೆ. ಮಿಷನ್ ನಿಲ್ಲಿಸಿ ಬಾಯಲ್ಲಿದ್ದ ಸೂಜಿ ತೆಗೆದು ಸೂಜಿದಿಂಬಿಗೆ ಚುಚ್ಚಿದಳು. ಒಂದೊಂದಾಗಿ. ಕೆಲಸ ಹೋಗುತ್ತೇನೋ ಅಂದಳು. ಹೋಗುತ್ತೆ ಅಂದೆ. ಪೊಲೀಸು? ಗೊತ್ತಿಲ್ಲ ಅಂದೆ. ಜೇಬಿನ ಕಾರ್ಡು ತೆಗೆದುಕೊಂಡು, ಹರಿದಿದ್ದ ದಾರ ಕಿತ್ತು, ಹೊಸ ಲಾಡಿ ಹೊಲಿದು ಕೊಟ್ಟಳು. ಕೊರಳಿಗೆ ಒತ್ತದ ಹಾಗೆ ಮೆತ್ತನೆಯದು.

ಸಂಜೆ ಆಸ್ಪತ್ರೆಗೆ ಹೋಗಿ ಕಾರ್ಡು ಕೊಟ್ಟೆ. ಅವಳ ಅಮ್ಮನನ್ನು ಹೊರಗೆ ಕರೆದು ಪದ್ಯ ಹೇಳಿದೆ. ನಾಲ್ಕೂ ಸಾಲು. ರಾಗವಿಲ್ಲದೆ. ಯಾರು ಬರೆದದ್ದು, ಯಾಕೆ ಒಬ್ಬಳೇ ಹತ್ತಿದಳು, ಒಬ್ಬಳೇ ಹತ್ತಬಹುದು ಎಂದವರು ಯಾರು. ಕೊನೆಯವರೆಗೂ ಕೇಳಿದರು. ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮೆತ್ತಗೆ, ಸದ್ದಾಗದ ಹಾಗೆ — ಮಗು ಮಲಗಿತ್ತು.

ಅಕ್ಟೋಬರ್ 4, ಬೆಳಿಗ್ಗೆ 9.50

ಕಮಿಟಿಯ ಕೋಣೆಯ ಹೊರಗೆ ಮರದ ಬೆಂಚು. ಒಂದು ತುದಿಯಲ್ಲಿ ನಾನು, ಇನ್ನೊಂದರಲ್ಲಿ ಆಯಮ್ಮ. ನಡುವೆ ಇಬ್ಬರು ಕೂರುವಷ್ಟು ಜಾಗ.

ಹೊಸ ಹೇಳಿಕೆ ಒಂದೂವರೆ ಪುಟ. ಬೆಲ್ ಆಗಿತ್ತು. ಕರೆದವನು ನಾನು. ಆಟ ನನ್ನದು. ಆಗಸ್ಟ್ ಎಂಟರಂದೇ ಎಚ್ಚರಿಸಿದ್ದರು. ಮಕ್ಕಳು ಕಾಪಿ ಮಾಡಿಲ್ಲ. ಎರಡು ಕಡೆ ತಾನಾಗಿ ಪ್ರಾಸ ಬಂದಿತ್ತು, ಹೊಡೆದುಹಾಕಿದೆ. ಹೆಡ್ ಮಿಸ್ ಒಳಗೆ ಹೋಗುವಾಗ ನನ್ನ ಕೈಯಲ್ಲಿದ್ದ ಹಾಳೆ ನೋಡಿದರು. ಹಳೆಯದಕ್ಕಿಂತ ಉದ್ದವಿದೆಯೆಂದು ಗೊತ್ತಾಗಿರಬೇಕು.

ನಿನ್ನೆ ಕ್ಲಾಸಿನಲ್ಲಿ ಹೇಳಿದೆ: ಹೇಳಿದರೆ ಯಾರೂ ಬೀಳಲ್ಲ, ಹೇಳಿ. ಕೇಳಲಿಲ್ಲ. ಒಬ್ಬ ಅಂದ, "ನೀವು ಮೊದ್ಲು ಹೇಳಿ ಸಾರ್."

ಬಾಯಿ ತೆರೆದೆ. ಒಂಬತ್ತರವರೆಗೆ ಎಣಿಸಿ ಸೀಮೆಸುಣ್ಣ ಕೆಳಗಿಟ್ಟೆ.

ಆಯಮ್ಮ ಕೇಳುತ್ತಿದ್ದಾರೆ, "ಏನ್ ಬರೀತಿದೀರಿ ಮೇಷ್ಟ್ರೇ, ಪದ್ಯಾನಾ?" ಅಲ್ಲ ಅಂದೆ.

ಜವಾನ ಬಂದ. "ಏಳಿ ಸಾರ್, ಕರೀತಿದಾರೆ." ಒಂದು ನಿಮಿಷ ಅಂದೆ. ನಿಂತೇ ಇದ್ದಾನೆ. ಬಾಗಿಲಿಗೆ ಮೂರು ಮೆಟ್ಟಿಲು. ಏಳಕ್ಕೆ ಮೂರು ಬಂದರೆ —